ಮೂವರಲ್ಲಿ ಪ್ರಧಾನಮಲ್ಲನಾರು?

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬಳಕೆಯಲ್ಲಿರುವ ಲೌಕಿಕ ನ್ಯಾಯಗಳ ಪೈಕಿ ‘ಪ್ರಧಾನಮಲ್ಲನಿಬರ್ಹಣ ನ್ಯಾಯ’ವೆಂಬುದೊಂದುಂಟು. ಗರಡಿಯಲ್ಲಿ ಹತ್ತು ಮಂದಿ ಜಟ್ಟಿಗಳು ಎದುರಾದಾಗ ಅವರಲ್ಲಿ ಮುಖ್ಯನಾದವನನ್ನು ಮಣ್ಣು ಮುಕ್ಕಿಸಿದರೆ ಸಾಕು. ಉಳಿದವರನ್ನು ಒಬ್ಬೊಬ್ಬರಾಗಿ ಕೆಡಹುವ ಶ್ರಮವೇಕೆ, ಅವರೂ ಸೋತಂತೆಯೇ ಎಣಿಸತಕ್ಕದ್ದೆಂದು ಇದರ ತಾತ್ಪರ್ಯ. ಶ್ರೀ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಪ್ರಥಮಾಧ್ಯಾಯದ ಕೊನೆಯಲ್ಲಿ ಈ ನ್ಯಾಯವನ್ನೇ ಆಶ್ರಯಿಸಿ, ಸಾಂಖ್ಯಮತದ ಖಂಡನೆಯಿಂದ ಇತರ ಪಕ್ಷಗಳೂ ಖಂಡಿತವಾದುವೆಂದು ಹೇಳಿರುವರು.

ಈ ನ್ಯಾಯವು ವಾದಕ್ಕೆ ಮಾತ್ರವಲ್ಲದೆ ಲೋಕದ ಸಕಲ ಸ್ಪರ್ಧೆಗಳಿಗೂ ಸಲ್ಲುವುದೆಂದು ಜನರು ನಂಬಿರುವರು. ದಳಪತಿ ಬಿದ್ದರೆ ದಂಡು ಚೆದರುವುದೆಂಬುದು ಎಲ್ಲರ ಅನುಭವ. ಆದರೆ ಎದುರಿಗೆ ನಿಂತ ಗುಂಪಿನಲ್ಲಿ ಪ್ರಧಾನಮಲ್ಲನಾರೆಂಬುದೇ ತಿಳಿಯದೆ ಹೋದರೆ ಏನು ಗತಿ? ಒಬ್ಬನನ್ನು ಹಿಡಿಯಹೋದಾಗಲೆಲ್ಲ ಪ್ರಾಧಾನ್ಯವು ಅವನಿಂದ ಜಾರಿ ಮತ್ತೊಬ್ಬನಲ್ಲಿ ಸೇರಿಕೊಳ್ಳುತ್ತಿದ್ದರೆ ಏನು ಮಾಡಬೇಕು? ಇಂತಹ ವಿಚಿತ್ರ ಸಂಕಟವೊಂದು ನಮ್ಮ ಕಾಲದ ಫುಟ್‌ಬಾಲ್ ಆಟದಲ್ಲಿ ಒದಗಿ, ಯೂರೋಪಿನ ಮಹಾಮಹಾ ಚತುರರನ್ನು ಹಲವು ವರ್ಷ ಕಂಗೆಡಿಸಿತು. ಆ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುವೆನು. ಕಾಲ್ಚೆಂಡಿನ ಆಟವನ್ನು ಎಂದೂ ನೋಡದ ಗೃಹಿಣಿಯರಿಗೂ ಇದರಲ್ಲಿ ತಿಳಿಯಬೇಕಾದ ಸಂಗತಿಯಿದೆಯೆಂದು ನನ್ನ ನಂಬಿಕೆ.

ಸ್ಪೇನ್ ದೇಶದ ಈಶಾನ್ಯಭಾಗದಲ್ಲಿ, ಕಡಲ ಕರೆಯಲ್ಲಿ, ಬಾರ್ಸಿಲೋನವೆಂಬ ನಗರವಿದೆ. ಆ ನಗರದ ತಂಡವು 1899ರಲ್ಲಿ ಸ್ಥಾಪಿತವಾದುದು. 2008ರಿಂದ 2012ರವರೆಗೆ ಪೆಪ್ ಗ್ವಾರ್ದಿಯೋಲನೆಂಬಾತನು ಅದರ ತರಬೇತಿಗಾರನಾಗಿದ್ದನು. ಆ ನಾಲ್ಕು ವರ್ಷಗಳಲ್ಲಿ ತಂಡವು ಗೆದ್ದ ಪ್ರಶಸ್ತಿಗಳು 14. ಲಿಯೊನೆಲ್ ಮೆಸ್ಸಿಯೆಂಬ ಅದ್ಭುತ ಆಟಗಾರನು ಈ ತಂಡದಲ್ಲಿದ್ದನೆಂಬುದು ಲೋಕವಿದಿತ. ಆದರೆ ಮೆಸ್ಸಿಯ ಕಾಲಿಗೆ ಚೆಂಡು ಸೇರುವ ಮೊದಲು ಅದು ಮೈದಾನದ ನಡುಭಾಗದಲ್ಲಿ ಮೂವರ ನಡುವೆ ಸುತ್ತಿ ಸುಳಿದು ಬರಬೇಕಾಗಿತ್ತು. ಆ ಮೂವರೇ ನಮ್ಮ ಕಥಾನಾಯಕರು.

ಮೊದಲನೆಯವನು ಚಾವಿ ಹೆರ್ನಾಂದೆಜ್. ಆತನ ಕಟಲಾನ್ ನಾಡಿನವರು ಆ ಹೆಸರನ್ನು ಹೀಗೆಯೇ ಉಚ್ಚರಿಸುವರು. ನಮ್ಮ ಉತ್ತರ ಭಾಗದ ಕನ್ನಡಿಗರು ಬೀಗದ ಕೈಗೆ ಚಾವಿಯೆಂದೇ ಹೇಳುವರಷ್ಟೆ. ಎದುರಾಳಿಗಳು ಮುಚ್ಚಿದ ಕದಗಳನ್ನು ತೆರೆಯುವುದೇ ಆತನ ಕೆಲಸವಾಗಿದ್ದುದರಿಂದ ಈ ಹೆಸರು ನಮ್ಮ ಭಾಷೆಯಲ್ಲಿ ಅನ್ವರ್ಥವಾಗಿಯೇ ಕೇಳಿಸುವುದು. ಎರಡನೆಯವನು ಆಂದ್ರೆಸ್ ಇನಿಯೆಸ್ತ. ಒಳನಾಡಿನ ಫ್ವೆಂತೆಆಲ್ಬೀಯ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ತಂದೆತಾಯಿಗಳನ್ನಗಲಿ ಬಾರ್ಸಿಲೋನ ತಂಡದ ಬಾಲಕರ ವಸತಿಶಾಲೆಯನ್ನು ಸೇರಿದವನು. ಮೂರನೆಯವನು ಸೆರ್ಹಿಯೊ ಬುಸ್ಕೆತ್ಸ್. ಇವರಿಬ್ಬರ ಹಿಂದೆ ನಿಂತು, ಮುಂದಿನವರಿಗೆ ಆಸರೆಯೂ ಹಿಂದಿನವರಿಗೆ ಬೇಲಿಯೂ ಆಗಿದ್ದವನು. ಚಾವಿ ಮತ್ತು ಇನಿಯೆಸ್ತ ಇಬ್ಬರೂ ಐದೂಮುಕ್ಕಾಲು ಅಡಿಯನ್ನು ಮುಟ್ಟದ ಸಾಧಾರಣ ಆಳುಗಳು. ಬುಸ್ಕೆತ್ಸ್ ನೀಳವಾಗಿದ್ದರೂ ತೆಳುವಾದ ಮೈಕಟ್ಟಿನವನು. ಗರಡಿಯ ಕಣ್ಣಿನಿಂದ ನೋಡಿದರೆ ಇವರಲ್ಲಿ ಮಲ್ಲನೆನ್ನಿಸಿಕೊಳ್ಳುವವನು ಒಬ್ಬನೂ ಇಲ್ಲ.

ಹಾಗಾದರೆ ಇವರ ಬಲವಾವುದು? ಬಾರ್ಸಿಲೋನದಲ್ಲಿ ಲಾ ಮಾಸಿಯ ಎಂಬ ಹಳೆಯ ತೋಟದ ಮನೆಯೊಂದಿದೆ. 1702ರಲ್ಲಿ ಕಟ್ಟಿದ ಆ ಮನೆಯಲ್ಲಿ 1979ರಿಂದ 2011ರವರೆಗೆ ಬಾಲಕರನ್ನು ಇರಿಸಿಕೊಂಡು, ಶಾಲಾವಿದ್ಯೆಯೊಡನೆ ಆಟವನ್ನೂ ಕಲಿಸುತ್ತಿದ್ದರು. ಡಚ್ ದೇಶದ ಯೋಹಾನ್ ಕ್ರೈಫನು 1988ರಿಂದ 1996ರವರೆಗೆ ತಂಡದ ತರಬೇತಿಗಾರನಾಗಿದ್ದಾಗ ಅಲ್ಲಿ ಬೇರೂರಿಸಿದ ಅಭ್ಯಾಸವೊಂದಿದೆ. ಬಾಲಕರು ವರ್ತುಲವಾಗಿ ನಿಲ್ಲುವರು. ನಡುವೆ ಒಬ್ಬಿಬ್ಬರು ನಿಂತಿರುವರು. ಸುತ್ತಲಿನವರು ಚೆಂಡನ್ನು ಒಂದೇ ಸ್ಪರ್ಶದಲ್ಲಿ ಅವರಿವರಿಗೆ ತಳ್ಳುತ್ತಿರಬೇಕು, ನಡುವಿನವರಿಗೆ ಅದು ಸಿಕ್ಕಬಾರದು. ಇದಕ್ಕೆ ರೊಂಡೊ ಎಂದು ಹೆಸರು. ನೋಡುವವರಿಗೆ ಮಕ್ಕಳಾಟ, ಆದರೆ ವೇದಪಾಠದ ವಟುವು ಘನಪಾಠವನ್ನು ಹೇಳಿ ಹೇಳಿ ನಾಲಗೆಯನ್ನು ಪಳಗಿಸಿಕೊಳ್ಳುವಂತೆ, ಈ ಹುಡುಗರು ವರ್ಷಗಟ್ಟಲೆ ಇದನ್ನು ಮಾಡಿ ಕಣ್ಣನ್ನೂ ಕಾಲನ್ನೂ ಪಳಗಿಸಿಕೊಂಡರು. ಚೆಂಡು ತನಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂಬುದನ್ನು ನೋಡಿಟ್ಟುಕೊಳ್ಳುವುದು, ಕೊಟ್ಟೊಡನೆ ತಾನು ಮತ್ತೊಂದು ತೆರಪಿಗೆ ಸರಿಯುವುದು, ಇವೇ ಅವರ ವಿದ್ಯೆಯ ಸಾರ. 2010ರಲ್ಲಿ ಲೋಕದ ಅತ್ಯುತ್ತಮ ಆಟಗಾರನ ಚಿನ್ನದ ಚೆಂಡಿಗಾಗಿ ಕೊನೆಯ ಸುತ್ತಿನಲ್ಲಿ ನಿಂತ ಮೂವರು ಮೆಸ್ಸಿ, ಇನಿಯೆಸ್ತ ಮತ್ತು ಚಾವಿ. ಮೂವರೂ ಒಂದೇ ಗುರುಕುಲದವರು.

ನಮ್ಮ ಪಂಡಿತರು ಅಲಾತಚಕ್ರವೆಂಬ ದೃಷ್ಟಾಂತವನ್ನು ಕೊಡುವರು. ಉರಿಯುವ ಕೊಳ್ಳಿಯನ್ನು ಕತ್ತಲೆಯಲ್ಲಿ ರಭಸದಿಂದ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುವುದು. ಬಳೆಯೆಂಬುದು ನಿಜವಾಗಿ ಇಲ್ಲ. ಹಿಡಿಯಹೋದವನ ಕೈಗೆ ಅದು ಸಿಕ್ಕದು. ಈ ಮೂವರ ನಡುವೆ ಚೆಂಡು ಸುತ್ತುವ ಬಗೆಯೂ ಅಂತಹುದೇ. ಚೆಂಡು ಚಾವಿಯಲ್ಲಿದೆಯೆಂದು ನುಗ್ಗಿದವನಿಗೆ ಅದು ಇನಿಯೆಸ್ತನ ಬಳಿ ಕಾಣುವುದು. ಅಲ್ಲಿಗೆ ಓಡಿದರೆ ಬುಸ್ಕೆತ್ಸನಿಗೆ ಹೋಗಿರುವುದು. ಓಡಿದವನು ಬಿಟ್ಟುಬಂದ ತೆರಪಿನಲ್ಲಿ ಚಾವಿಯು ಮತ್ತೆ ಕಾದುನಿಂತಿರುವನು. ಮೂರು ಗುಂಡಿನ ಒಲೆಯಲ್ಲಿ ಮಡಕೆಯನ್ನು ಹೊತ್ತ ಗುಂಡು ಯಾವುದೆಂದು ಕೇಳಿದರೆ ಹೇಗೆ ಉತ್ತರವಿಲ್ಲವೋ, ಹಾಗೆ ಈ ಮೂವರಲ್ಲಿ ಮುಖ್ಯನಾರೆಂಬ ಪ್ರಶ್ನೆಗೂ ಉತ್ತರವಿರಲಿಲ್ಲ.

ಇನ್ನು ಎದುರಾಳಿಗಳ ಉಪಾಯಗಳನ್ನು ನೋಡೋಣ. ಪಂದ್ಯಗಳು ನೂರಾರು, ಆದರೆ ಅನ್ನ ಬೆಂದಿತೇ ಎಂದು ತಿಳಿಯಲು ಒಂದೆರಡು ಅಗುಳನ್ನು ಹಿಸುಕಿ ನೋಡಿದರೆ ಸಾಲದೆ?

ಮೊದಲನೆಯ ಉಪಾಯವು ಒಬ್ಬ ಆಳಿಗೆ ಒಬ್ಬ ಕಾವಲು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಲೆಕ್ಸ್ ಫರ್ಗುಸನ್ ಇದರಲ್ಲಿ ನುರಿತವರು. 2010ರಲ್ಲಿ ಇಟಲಿಯ ಮಿಲಾನ್ ತಂಡದೊಡನೆ ಆಡುವಾಗ, ಆ ತಂಡದ ಸೂತ್ರಧಾರನಾದ ಆಂದ್ರೆಯ ಪಿರ್ಲೊನನ್ನು ನೆರಳಿನಂತೆ ಹಿಂಬಾಲಿಸೆಂದು ಕೊರಿಯದ ಪಾರ್ಕ್ ಜಿ-ಸುಂಗನಿಗೆ ಆಜ್ಞಾಪಿಸಿದರು. ಪಾರ್ಕನು ಆ ಕೆಲಸವನ್ನು ಎಳ್ಳಷ್ಟೂ ಲೋಪವಿಲ್ಲದೆ ಮಾಡಿದನು. ಎರಡು ಪಂದ್ಯಗಳ ಮೊತ್ತದಲ್ಲಿ ಯುನೈಟೆಡ್ ತಂಡವು 7-2ರಿಂದ ಗೆದ್ದಿತು. ಪ್ರಧಾನಮಲ್ಲನ ನ್ಯಾಯವು ಅಲ್ಲಿ ಅಕ್ಷರಶಃ ಫಲಿಸಿತು. ಮರುವರ್ಷ, 2011ರ ಮೇ 28ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಅದೇ ಯುನೈಟೆಡ್ ತಂಡವು ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ ಬಾರ್ಸಿಲೋನವನ್ನು ಎದುರಿಸಿತು. ಪಾರ್ಕನೂ ಆಡಿದನು. ಆದರೆ ಅವನು ಯಾರ ನೆರಳಾಗಬೇಕು? ಒಬ್ಬನನ್ನು ಕಟ್ಟಿಹಾಕಿದರೆ ಉಳಿದಿಬ್ಬರು ಬಿಡುವಾಗುವರು. ಮೊದಲನೆಯ ಗೋಲಿಗೆ ಚೆಂಡನ್ನು ಒದಗಿಸಿದವನು ಚಾವಿ. ಬಾರ್ಸಿಲೋನವು 3-1ರಿಂದ ಗೆದ್ದಿತು. ಎರಡು ವರ್ಷದ ಹಿಂದೆ ರೋಮಿನಲ್ಲಿಯೂ ಇದೇ ತಂಡಗಳು ಸೆಣಸಿ, ಬಾರ್ಸಿಲೋನವು 2-0ರಿಂದ ಜಯಿಸಿತ್ತು. ಅಲ್ಲಿಯೂ ಮೊದಲ ಹತ್ತು ನಿಮಿಷ ಯುನೈಟೆಡ್ ತಂಡದವರ ಅಬ್ಬರ. ಅಷ್ಟರಲ್ಲಿ ಇನಿಯೆಸ್ತ ಒದಗಿಸಿದ ಚೆಂಡನ್ನು ಸಾಮುಯೆಲ್ ಎಟೊ ಗೋಲಿಗೆ ಸೇರಿಸಿದನು. ಆಮೇಲೆ ಅಬ್ಬರವು ಅಡಗಿತು.

ಮೂವರಿಗೆ ಮೂವರನ್ನು ಕಾವಲಿಟ್ಟರೂ ಸಾಲದಂತೆ ಗ್ವಾರ್ದಿಯೋಲನು ಮತ್ತೊಂದು ತಂತ್ರವನ್ನು ಹೂಡಿದ್ದನು. 2009ರ ಮೇ 2ರಂದು ಮಡ್ರಿಡ್ ನಗರದ ರಿಯಾಲ್ ಮಡ್ರಿಡ್ ತಂಡದ ಅಂಗಳದಲ್ಲಿಯೇ, ಮುಂಚೂಣಿಯ ನಡುವಿನಲ್ಲಿ ನಿಲ್ಲಬೇಕಾದ ಮೆಸ್ಸಿಯನ್ನು ಹಿಂದಕ್ಕೆ, ಆ ಮೂವರ ಬಳಿಗೆ, ಸರಿದು ಬರಹೇಳಿದನು. ಮಡ್ರಿಡ್ ತಂಡದ ಹಿಂಬದಿಯ ರಕ್ಷಕರು ದಿಕ್ಕುತೋಚದವರಾದರು. ಅವನ ಹಿಂದೆ ಹೋದರೆ ಬಾಗಿಲು ಬಯಲಾಗುವುದು. ಹೋಗದಿದ್ದರೆ ನಡುವಿನಲ್ಲಿ ನಾಲ್ವರಾಗುವರು. ಬಾರ್ಸಿಲೋನವು ಆ ದಿನ 6-2ರಿಂದ ಗೆದ್ದಿತು.

ಯುಕ್ತಿ ಸೋತಾಗ ಶಕ್ತಿಯ ಕಡೆಗೆ ಮನಸ್ಸು ಹರಿಯುವುದು ಲೋಕಸ್ವಭಾವ. ಎರಡನೆಯ ಉಪಾಯವು ದಂಡೋಪಾಯ. 2010ರ ನವೆಂಬರ್ 29ರಂದು ರಿಯಾಲ್ ಮಡ್ರಿಡ್ ತಂಡವು ಬಾರ್ಸಿಲೋನಕ್ಕೆ 5-0ರಿಂದ ಸೋತಿತು. ಆ ತಂಡಕ್ಕೆ ಹೊಸದಾಗಿ ಬಂದಿದ್ದ ತರಬೇತಿಗಾರ ಜೋಸೆ ಮೊರೀನ್ಯೊ ಇದನ್ನು ಮರೆಯಲಿಲ್ಲ. 2011ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಎರಡು ತಂಡಗಳಿಗೆ 18 ದಿನಗಳಲ್ಲಿ ನಾಲ್ಕು ಪಂದ್ಯಗಳು ಒದಗಿದುವು. ಹಿಂಬದಿಯ ಕಟ್ಟಾಳಾದ ಪೆಪೆಯನ್ನು ಮೊರೀನ್ಯೊ ನಡುಭಾಗಕ್ಕೆ ತಂದು ನಿಲ್ಲಿಸಿದನು. ಚೆಂಡು ಬಂದ ಕಡೆಗೆಲ್ಲ ನುಗ್ಗಿ ಎದುರಾಳಿಗೆ ಉಸಿರಾಡಲು ಬಿಡದಿರುವುದು ಅವನ ಕೆಲಸ. ಈ ಉಪಾಯವು ಕೆಲಕಾಲ ಫಲಕೊಟ್ಟಿತೆಂದು ಒಪ್ಪಲೇಬೇಕು. ಏಪ್ರಿಲ್ 20ರಂದು ವೆಲೆನ್ಸಿಯದಲ್ಲಿ ನಡೆದ ಸ್ಪೇನಿನ ರಾಜಪಾತ್ರೆಯ ಅಂತಿಮ ಪಂದ್ಯದಲ್ಲಿ ಮಡ್ರಿಡ್ ತಂಡವು ಹೆಚ್ಚುವರಿ ಕಾಲದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೆದ್ದಿತು. ಆದರೆ ಏಪ್ರಿಲ್ 27ರಂದು, ಚಾಂಪಿಯನ್ಸ್ ಲೀಗಿನ ಉಪಾಂತ್ಯದಲ್ಲಿ, 61ನೆಯ ನಿಮಿಷದಲ್ಲಿ ಪೆಪೆಯು ದಾನಿ ಆಲ್ವೆಸನ ಕಡೆಗೆ ಕಾಲೆತ್ತಿ ಕೆಂಪು ಚೀಟಿಯನ್ನು ಪಡೆದು ಹೊರನಡೆದನು. ಜಗಳವಾಡಿದ ಮೊರೀನ್ಯೊನನ್ನೂ ರೆಫರಿಯು ಹೊರಗೆ ಕಳುಹಿಸಿದನು. ಕಾವಲು ತೆರವಾದ ನಡುಭಾಗದಲ್ಲಿ ಮೆಸ್ಸಿ ಎರಡು ಗೋಲುಗಳನ್ನು ಹೊಡೆದನು. ದಂಡವು ದಂಡಿಸಿದವನನ್ನೇ ಬಡಿಯಿತು.

ಇದಕ್ಕಿಂತ ವಿಷಾದಕರವಾದ ಉದಾಹರಣೆಯು 2010ರ ಜುಲೈ 11ರಂದು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಸಂಭವಿಸಿತು. ಅದು ವಿಶ್ವಕಪ್ಪಿನ ಅಂತಿಮ ಪಂದ್ಯ. ಬಾರ್ಸಿಲೋನದ ಈ ಮೂವರೂ ಅಂದು ಸ್ಪೇನ್ ದೇಶದ ಪರವಾಗಿ ಆಡಿದರು. ಎದುರಿಗೆ ಕ್ರೈಫನ ದೇಶವಾದ ನೆದರ್ಲೆಂಡ್ಸ್. ಯಾವ ದೇಶದಿಂದ ಈ ವಿದ್ಯೆಯು ಬಾರ್ಸಿಲೋನಕ್ಕೆ ಬಂದಿತೋ ಆ ದೇಶದವರು ಅಂದು ವಿದ್ಯೆಯನ್ನು ಬದಿಗಿಟ್ಟು ಒದೆತಕ್ಕೆ ಕೈಹಾಕಿದರು, ಅಲ್ಲ, ಕಾಲುಹಾಕಿದರು. ನೈಜೆಲ್ ಡಿ ಯಾಂಗನ ಕಾಲು ಶಾಬಿ ಅಲೊನ್ಸೊ ಎಂಬ ಸ್ಪೇನ್ ಆಟಗಾರನ ಎದೆಗೇ ಬಡಿಯಿತು. ಎರಡು ಪಕ್ಷಗಳಿಗೂ ಸೇರಿ ರೆಫರಿಯು 14 ಹಳದಿ ಚೀಟಿಗಳನ್ನು ತೋರಿಸಬೇಕಾಯಿತು. ಹೆಚ್ಚುವರಿ ಕಾಲದ 109ನೆಯ ನಿಮಿಷದಲ್ಲಿ ಡಚ್ ರಕ್ಷಕನೊಬ್ಬನು ಹೊರಹಾಕಲ್ಪಟ್ಟನು. 116ನೆಯ ನಿಮಿಷದಲ್ಲಿ ಇನಿಯೆಸ್ತನು ಗೋಲು ಹೊಡೆದು ಸ್ಪೇನಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟನು. ತನ್ನ ದೇಶದವರ ಆ ಆಟವನ್ನು ಕ್ರೈಫನು ಬಹಿರಂಗವಾಗಿ ಖಂಡಿಸಿದನು. ಸೋಲಿಗಿಂತ ಸೋತ ರೀತಿಯೇ ಆತನಿಗೆ ನೋವುಂಟುಮಾಡಿರಬೇಕು.

ಮೂರನೆಯ ಉಪಾಯವು ನನಗೆ ಎಲ್ಲಕ್ಕಿಂತ ವಿಚಾರಾರ್ಹವಾಗಿ ತೋರುವುದು. ಇದನ್ನು ಅನುಸರಿಸಿದವರು ಚೆಂಡಿನ ಮೇಲಿನ ಆಸೆಯನ್ನೇ ಬಿಟ್ಟರು. ‘ಚೆಂಡು ನಿಮ್ಮಲ್ಲಿಯೇ ಇರಲಿ, ಬೇಕಾದಷ್ಟು ಹೊತ್ತು ಸುತ್ತಿಸಿರಿ, ನಮ್ಮ ಮನೆಯ ಬಾಗಿಲಿನಿಂದ ಮಾತ್ರ ನಾವು ಕದಲೆವು’ ಎಂಬುದು ಅವರ ಸಂಕಲ್ಪ. ಹತ್ತು ಮಂದಿಯೂ ಹಿಂದಕ್ಕೆ ಸರಿದು, ಗೋಲಿನ ಮುಂದೆ ಎರಡು ಸಾಲಾಗಿ, ಒಬ್ಬರಿಗೊಬ್ಬರು ಕೂಗಳತೆಗಿಂತ ಹತ್ತಿರವಾಗಿ ನಿಲ್ಲುವರು. ಮೈದಾನದ ಎರಡು ಅಂಚುಗಳನ್ನು ಬಿಟ್ಟುಕೊಡುವರು; ನಡುದಾರಿಯನ್ನು ಮಾತ್ರ ಬಿಗಿಯುವರು. ಅಂಚಿನಿಂದ ಎತ್ತರವಾಗಿ ಬರುವ ಚೆಂಡು ಕುಳ್ಳರಿಗೆ ದಕ್ಕದೆಂಬುದು ಅವರ ಲೆಕ್ಕ. ಅಲಾತಚಕ್ರವನ್ನು ಹಿಡಿಯಹೋಗುವವನು ಮರುಳ. ಕೊಳ್ಳಿಯು ತನ್ನ ಹುಲ್ಲುಬಣವೆಗೆ ತಾಗದಂತೆ ನೋಡಿಕೊಳ್ಳುವವನು ಜಾಣ.

ಇದು ಸುಲಭವೆಂದು ವಾಚಕರು ಭಾವಿಸಬಾರದು. 2009ರ ಉಪಾಂತ್ಯದಲ್ಲಿ ಲಂಡನ್ನಿನ ಚೆಲ್ಸಿ ತಂಡವು ಇದನ್ನು ಬಹು ಚೆನ್ನಾಗಿ ನಡೆಸಿತು. ಮೊದಲನೆಯ ಪಂದ್ಯವು 0-0. ಎರಡನೆಯದರಲ್ಲಿ 9ನೆಯ ನಿಮಿಷಕ್ಕೇ ಮೈಕೆಲ್ ಎಸ್ಸಿಯೆನ್ ಹೊಡೆದ ಗೋಲಿನಿಂದ ಚೆಲ್ಸಿ ಮುಂದಿತ್ತು. ಪೆನಾಲ್ಟಿಗಾಗಿ ಅವರು ಮತ್ತೆ ಮತ್ತೆ ಇಟ್ಟ ಮೊರೆಗಳನ್ನು ರೆಫರಿಯು ಕೇಳದೆಹೋದುದು ಇಂದಿಗೂ ವಿವಾದದ ವಿಷಯ. ಏನೇ ಆಗಲಿ, ನಿಯತವಾದ 90 ನಿಮಿಷಗಳು ಕಳೆದು ಮೂರನೆಯ ನಿಮಿಷ ನಡೆಯುತ್ತಿದ್ದಾಗ, ಒಂದೇ ಒಂದು ಕ್ಷಣ ತೆರೆದ ಸಂದಿಯಲ್ಲಿ ಇನಿಯೆಸ್ತನು ಚೆಂಡನ್ನು ಗೋಲಿನ ಮೇಲ್ಮೂಲೆಗೆ ಹೊಡೆದನು. ಪಂದ್ಯವು 1-1 ಆಯಿತು. ಮೊತ್ತವು ಸಮವಾದಾಗ ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಜಯವೆಂಬ ನಿಯಮವು ಆಗ ಇದ್ದಿತು; 2021ರಲ್ಲಿ ಅದು ರದ್ದಾಯಿತು. ಆ ನಿಯಮದಿಂದ ಬಾರ್ಸಿಲೋನವು ಮುಂದಕ್ಕೆ ಹೋಯಿತು. ತೊಂಬತ್ತೆರಡು ನಿಮಿಷದ ಎಚ್ಚರಕ್ಕೆ ತೊಂಬತ್ತಮೂರನೆಯ ನಿಮಿಷದ ತೂಕಡಿಕೆಯು ಮಾಫಿಯಾಗಲಿಲ್ಲ.

ಮರುವರ್ಷ ಇದೇ ವ್ರತವನ್ನು ಹಿಡಿದವರು ಇಟಲಿಯ ಇಂಟರ್ ಮಿಲಾನ್ ತಂಡದವರು. ಅವರ ತರಬೇತಿಗಾರನು, ಮಡ್ರಿಡಿಗೆ ಬರುವ ಮುಂಚಿನ ಅದೇ ಮೊರೀನ್ಯೊ. ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಸಂಚಾರವು ನಿಂತಿದ್ದ ಕಾರಣ ಬಾರ್ಸಿಲೋನ ತಂಡವು ಬಸ್ಸಿನಲ್ಲಿ ಮಿಲಾನಿಗೆ ಹೋಗಿ, 2010ರ ಏಪ್ರಿಲ್ 20ರಂದು 3-1ರಿಂದ ಸೋತಿತು. ಏಪ್ರಿಲ್ 28ರಂದು ತನ್ನ ಅಂಗಳದಲ್ಲಿ 2-0ರಿಂದ ಗೆದ್ದರೆ ಸಾಕಾಗಿತ್ತು. 28ನೆಯ ನಿಮಿಷದಲ್ಲಿ ಇಂಟರ್ ತಂಡದ ತಿಯಾಗೊ ಮೊತ್ತನ ಕೈ ಬುಸ್ಕೆತ್ಸನ ಮುಖಕ್ಕೆ ತಾಗಿತೆಂದು ರೆಫರಿಯು ಕೆಂಪು ಚೀಟಿ ತೋರಿಸಿದನು. ಬುಸ್ಕೆತ್ಸನು ಮುಖ ಮುಚ್ಚಿಕೊಂಡು ನೆಲಕ್ಕುರುಳಿ, ಬೆರಳ ಸಂದಿಯಿಂದ ಇಣುಕಿ ನೋಡಿದುದು ಚಿತ್ರಗಳಲ್ಲಿ ಸೆರೆಯಾಗಿದೆ. ಮಹಾತಂಡದ ಕೀರ್ತಿಗೆ ಇದೊಂದು ಕಲೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಉಳಿದ ಹತ್ತು ಮಂದಿ ಒಂದು ಗಂಟೆಗೂ ಹೆಚ್ಚು ಕಾಲ ಬಾಗಿಲು ಕಾದರು. ಚೆಂಡು ಮುಕ್ಕಾಲುಪಾಲು ಹೊತ್ತು ಬಾರ್ಸಿಲೋನದವರಲ್ಲಿಯೇ ಇತ್ತು. ಇಲ್ಲಿ ಸಾಮುಯೆಲ್ ಎಟೊನ ಹೆಸರನ್ನು ಮತ್ತೆ ಹೇಳಬೇಕು. ಹಿಂದಿನ ವರ್ಷ ರೋಮಿನಲ್ಲಿ ಬಾರ್ಸಿಲೋನದ ಪರವಾಗಿ ಗೋಲು ಹೊಡೆದು ಕೀರ್ತಿವಂತನಾದ ಅದೇ ಎಟೊ. ಆ ಬೇಸಗೆಯಲ್ಲಿ ಬಾರ್ಸಿಲೋನದವರು ಇಂಟರ್ ತಂಡದ ಇಬ್ರಹಿಮೊವಿಚನನ್ನು ಪಡೆಯಲೋಸುಗ ಎಟೊನನ್ನೂ ಮೇಲೆ ಹಣವನ್ನೂ ಕೊಟ್ಟುಬಿಟ್ಟಿದ್ದರು. ಹೀಗೆ ಕೈಬಿಟ್ಟವರ ಮುಂದೆ ಮತ್ತೊಂದು ಗೋಲು ಹೊಡೆದು ತೋರಿಸಬೇಕೆಂಬ ಛಲವು ಯಾರಿಗಾದರೂ ಸಹಜ. ಆತನು ಅದನ್ನು ನುಂಗಿಕೊಂಡು, ಹಿಂಬದಿಯ ಅಂಚಿನಲ್ಲಿ ಸಾಮಾನ್ಯ ಕಾವಲುಗಾರನಂತೆ ನಿಂತು, ತನ್ನ ಪಾಲಿನ ಅಂಗುಲ ನೆಲವನ್ನೂ ಬಿಟ್ಟುಕೊಡಲಿಲ್ಲ. 84ನೆಯ ನಿಮಿಷದಲ್ಲಿ ಬಾರ್ಸಿಲೋನದ ಪಿಕೆ ಒಂದು ಗೋಲು ಹೊಡೆದನು. ಕೊನೆಯ ಗಳಿಗೆಯಲ್ಲಿ ಬೋಯಾನನು ಹೊಡೆದ ಇನ್ನೊಂದು, ಅದಕ್ಕೆ ಮೊದಲು ಚೆಂಡು ಜೊತೆಗಾರನ ಕೈಗೆ ತಾಗಿತೆಂಬ ಕಾರಣದಿಂದ ಅಸಿಂಧುವಾಯಿತು. ಇಂಟರ್ 1-0ರಿಂದ ಸೋತರೂ 3-2ರ ಮೊತ್ತದಿಂದ ಗೆದ್ದು, ಮುಂದೆ ಪ್ರಶಸ್ತಿಯನ್ನೂ ಪಡೆಯಿತು.

2012ರ ಉಪಾಂತ್ಯದಲ್ಲಿ ಚೆಲ್ಸಿ ತಂಡಕ್ಕೆ ಹಳೆಯ ಸಾಲವನ್ನು ತೀರಿಸುವ ಅವಕಾಶ ಬಂದಿತು. ಲಂಡನ್ನಿನಲ್ಲಿ 1-0ರಿಂದ ಗೆದ್ದು, ಏಪ್ರಿಲ್ 24ರಂದು ಬಾರ್ಸಿಲೋನಕ್ಕೆ ಬಂದರು. ಬುಸ್ಕೆತ್ಸ್ ಒಂದು, ಇನಿಯೆಸ್ತ ಒಂದು ಗೋಲು ಹೊಡೆದರು. ನಡುವೆ ಚೆಲ್ಸಿಯ ನಾಯಕ ಟೆರಿಯು ಮೊಣಕಾಲಿನಿಂದ ಎದುರಾಳಿಯನ್ನು ತಿವಿದು ಹೊರಹಾಕಲ್ಪಟ್ಟನು. ಇನ್ನೇನು ಮುಗಿಯಿತೆನ್ನುವಾಗ ಪೂರ್ವಾರ್ಧದ ಕೊನೆಯಲ್ಲಿ ರಾಮಿರೆಸನು ಒಂದು ಗೋಲನ್ನು ಮರಳಿಸಿದನು. ಉತ್ತರಾರ್ಧದಲ್ಲಿ ಮೆಸ್ಸಿಯ ಪೆನಾಲ್ಟಿ ಒದೆತವು ಗೋಲಿನ ಅಡ್ಡಪಟ್ಟಿಗೆ ಬಡಿದು ಸಿಡಿಯಿತು. ಹತ್ತು ಮಂದಿ ಬಾಗಿಲು ಕಾದು, ಕೊನೆಯ ಗಳಿಗೆಯಲ್ಲಿ ಟೊರೆಸನ ಗೋಲಿನಿಂದ ಪಂದ್ಯವನ್ನು 2-2 ಮಾಡಿಕೊಂಡರು. ಚೆಲ್ಸಿಯೇ ಆ ವರ್ಷದ ಪ್ರಶಸ್ತಿಯನ್ನು ಗೆದ್ದಿತು.

ಈ ಬಗೆಯ ಆಟವನ್ನು ಹಲವರು ಹಳಿದರು. ಬಾಗಿಲಿಗೆ ಅಡ್ಡವಾಗಿ ಬಸ್ಸನ್ನು ನಿಲ್ಲಿಸಿದಂತೆ, ಇದು ಆಟವೇ ಅಲ್ಲವೆಂದರು. ನೋಡುವ ಕಣ್ಣಿಗೆ ಇದರಲ್ಲಿ ರಂಜನೆ ಕಡಿಮೆಯೆಂಬುದು ನಿಜ. ಆದರೆ ಒದೆಯುವವನಿಗೂ ಕಾಯುವವನಿಗೂ ಅಜಗಜಾಂತರವಿದೆ. ಒದೆಯುವವನು ಎದುರಾಳಿಯ ವಿದ್ಯೆಯನ್ನು ನಾಶಮಾಡಹೋಗುವನು. ಕಾಯುವವನು ಆ ವಿದ್ಯೆ ದೊಡ್ಡದೆಂದು ಒಪ್ಪಿಕೊಂಡು, ತನ್ನ ಅಳವಿನಲ್ಲಿ ಮಾಡಬಹುದಾದುದನ್ನು ಮಾಡುವನು. ಚೆಂಡನ್ನು ಮುಟ್ಟದೆ ಗಂಟೆಗಟ್ಟಲೆ ಅತ್ತಿಂದಿತ್ತ ಸರಿಯುತ್ತ, ಎದುರಿನವರ ಚಾತುರ್ಯಕ್ಕೆ ಸಾವಿರಾರು ಜನರು ಕೈಚಪ್ಪಾಳೆ ತಟ್ಟುವುದನ್ನು ಕೇಳುತ್ತ, ಕೋಪಗೊಳ್ಳದೆ ನಿಂತಿರುವುದು ಸಾಮಾನ್ಯ ತಪಸ್ಸಲ್ಲ. ಆದರೂ ಅದರ ಬೆಲೆಯನ್ನು ಮರೆಯುವಂತಿಲ್ಲ: ಕಾದವನಿಗೆ ಜಯವು ನಿಶ್ಚಯವಲ್ಲ, ಜಯಕ್ಕೆ ಒಂದು ಅವಕಾಶ ಮಾತ್ರ. 2009ರಲ್ಲಿ ದೈವವು ಅತ್ತ ವಾಲಿತು. 2012ರಲ್ಲಿ ಅಡ್ಡಪಟ್ಟಿಯ ರೂಪದಲ್ಲಿ ಇತ್ತ ವಾಲಿತು.

ನಾಲ್ಕನೆಯ ಉಪಾಯವು ಧೀರರದು. ಎದುರಾಳಿಯ ವಿದ್ಯೆಯನ್ನೇ ಕಲಿತು ಎದುರುನಿಲ್ಲುವುದು. 2011ರ ನವೆಂಬರ್ 6ರಂದು ಬಿಲ್ಬಾವೊ ನಗರದಲ್ಲಿ, ಸುರಿಯುವ ಮಳೆಯಲ್ಲಿ, ಮಾರ್ಸೆಲೊ ಬೀಲ್ಸನ ಶಿಷ್ಯರು ಹಿಂದಕ್ಕೆ ಸರಿಯದೆ, ಮೈದಾನದ ಉದ್ದಕ್ಕೂ ಆಳಿಗೆ ಆಳು ಬೆನ್ನಟ್ಟಿ ಆಡಿದರು. ಒಬ್ಬಿಬ್ಬರ ಹಿಂದೆ ಮಾತ್ರ ಹೋಗದೆ ಎಲ್ಲರ ಹಿಂದೆಯೂ ಹೋದುದು ಅವರ ವಿಶೇಷ. ಪಂದ್ಯದ ಕೊನೆಯ ಕ್ಷಣಗಳಲ್ಲಿ ಮೆಸ್ಸಿ ಹೊಡೆದ ಗೋಲಿನಿಂದ ಬಾರ್ಸಿಲೋನವು 2-2ರ ಸಮಕ್ಕೆ ಬಂದು ಮಾನ ಉಳಿಸಿಕೊಂಡಿತು. ಆದರೆ ಇಂತಹ ಓಟವು ಎಷ್ಟು ದಿನ ನಡೆದೀತು? 2012ರ ಮೇ 25ರಂದು ರಾಜಪಾತ್ರೆಯ ಅಂತಿಮ ಪಂದ್ಯದಲ್ಲಿ ಅದೇ ಬಿಲ್ಬಾವೊ ತಂಡವು 3-0ರಿಂದ ಸೋತಿತು.

ಬಿಲ್ಬಾವೊ ತಂಡದಲ್ಲಿ ಆಡಿದ್ದ ಹವಿ ಮಾರ್ತಿನೆಜನು ಆ ವರ್ಷವೇ ಜರ್ಮನಿಯ ಬಯೆರ್ನ್ ಮ್ಯೂನಿಕ್ ತಂಡಕ್ಕೆ ಹೋದನು. 2013ರ ಉಪಾಂತ್ಯದಲ್ಲಿ ಆತನೂ ಶ್ವೈನ್‌ಸ್ಟೈಗರನೂ ನಡುಭಾಗವನ್ನು ಹಿಡಿದರು; ರಾಬೆನ್ ಮತ್ತು ರಿಬೆರಿ ಎಂಬ ಮುಂಚೂಣಿಯ ಹೆಸರಾಂತರು ಹಿಂದಕ್ಕೆ ಓಡಿ ರಕ್ಷಕರಿಗೆ ನೆರವಾದರು. ಬಯೆರ್ನ್ ತಂಡವು 4-0, 3-0ರಿಂದ ಎರಡೂ ಪಂದ್ಯಗಳನ್ನು ಗೆದ್ದಿತು. ಮೆಸ್ಸಿಯು ಗಾಯದಿಂದ ಸೊರಗಿದ್ದನು, ಗ್ವಾರ್ದಿಯೋಲನು ತಂಡವನ್ನು ಬಿಟ್ಟಾಗಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 2013–14ರಲ್ಲಿ ಡಿಯೆಗೊ ಸಿಮಿಯೋನೆಯ ಅಟ್ಲೆಟಿಕೊ ಮಡ್ರಿಡ್ ತಂಡವು ಬಾರ್ಸಿಲೋನದೊಡನೆ ಆರು ಪಂದ್ಯಗಳನ್ನಾಡಿ ಒಂದರಲ್ಲಿಯೂ ಸೋಲಲಿಲ್ಲ. ಕಾಯುವವರ ತಾಳ್ಮೆ, ಧೀರರ ಓಟ, ಎರಡನ್ನೂ ಹದವಾಗಿ ಬೆರೆಸಿದ್ದೇ ಅವರ ಗುಟ್ಟು.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರೋಣ. ಮೂವರಲ್ಲಿ ಪ್ರಧಾನಮಲ್ಲನಾರು? ಸೋತವರ ಕಥೆಗಳನ್ನು ಕೂಡಿಸಿ ನೋಡಿದರೆ ಉತ್ತರವು ತಾನಾಗಿ ಹೊಳೆಯುವುದು. ಪ್ರಧಾನಮಲ್ಲನು ಆ ಮೂವರಲ್ಲಿ ಇರಲೇ ಇಲ್ಲ. ಅವನು ಎದುರಾಳಿಯ ಎದೆಯೊಳಗೇ ಇದ್ದನು. ಅವನ ಹೆಸರು ಆತುರ. ಚೆಂಡು ಕಣ್ಣೆದುರಿಗೆ, ಒಂದು ಮಾರು ದೂರದಲ್ಲಿ, ಸುಳಿಯುತ್ತಿರುವಾಗ ಈಗಲೇ ಹಿಡಿದುಬಿಡುವೆನೆಂದು ಕಾಲು ಮುಂದಿಡಿಸುವವನು ಅವನೇ. ಸಿಕ್ಕದಿದ್ದಾಗ ಕೋಪವಾಗಿ ಮಾರ್ಪಟ್ಟು ಆ ಕಾಲನ್ನು ಎದುರಾಳಿಯ ಎದೆಗೆ ಎತ್ತಿಸುವವನೂ ಅವನೇ. ಚಾವಿ, ಇನಿಯೆಸ್ತ, ಬುಸ್ಕೆತ್ಸರ ವಿದ್ಯೆಯೆಲ್ಲವೂ ಎದುರಾಳಿಯ ಆತುರವನ್ನು ಬಂಡವಾಳ ಮಾಡಿಕೊಂಡ ವ್ಯಾಪಾರ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯ ಮೇಲೆಯೇ ಅವರ ಕೀರ್ತಿಯ ಅರ್ಧಭಾಗವು ನಿಂತಿತ್ತೆಂದರೆ ತಪ್ಪಾಗದು. ಆ ಒಳಗಿನ ಮಲ್ಲನನ್ನು ಕೆಡಹಿದವರಿಗೆ ಹೊರಗಿನ ಮೂವರೊಡನೆ ಸೆಣಸುವ ಯೋಗ್ಯತೆಯಾದರೂ ಬಂದಿತು; ಕೆಡಹದವರು ಆಟಕ್ಕೆ ಮೊದಲೇ ಸೋತಿದ್ದರು.

ಚಾವಿಯು 2015ರಲ್ಲಿ, ಇನಿಯೆಸ್ತನು 2018ರಲ್ಲಿ, ಬುಸ್ಕೆತ್ಸನು 2023ರಲ್ಲಿ ಬಾರ್ಸಿಲೋನ ತಂಡವನ್ನು ಬಿಟ್ಟರು. ಅವರು ಆಡಿದ ಪಂದ್ಯಗಳ ಚಿತ್ರಗಳು ಉಳಿದಿವೆ. ಮನೆಯ ಮಕ್ಕಳು ಅವನ್ನು ನೋಡುತ್ತಿರುವಾಗ ಹಿರಿಯರೂ ಹತ್ತು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಲಿ. ಆದರೆ ಒಂದು ವಿಜ್ಞಾಪನೆ: ಚೆಂಡನ್ನು ನೋಡಬೇಡಿರಿ. ಚೆಂಡಿಲ್ಲದೆ ನಿಂತವರನ್ನು ನೋಡಿರಿ. ಅವರಲ್ಲಿ ಯಾರು ತಮ್ಮ ನೆಲದ ಮೇಲೆ ನಿಂತಿರುವರು, ಯಾರು ಸೆಳೆತಕ್ಕೆ ಸಿಕ್ಕಿ ಮುಂದಕ್ಕೆ ಹೆಜ್ಜೆಯಿಡುವರು ಎಂಬುದನ್ನು ಗಮನಿಸಿರಿ. ಗೋಲು ಯಾವ ಕಡೆಯಿಂದ ಬರುವುದೆಂದು ಮಕ್ಕಳಿಗಿಂತ ಮೊದಲು ನೀವೇ ಹೇಳಬಲ್ಲಿರಿ.